ಒಳ್ಳೆಯ ಮಾತನ್ನೇ ಆಡಿ

ಡಾಕ್ಟರ ಕೋಣೆಯ ಕಿಟಕಿಯಾಚೆ ಒಂದು ಕಾಗೆ ಕೂತಿತ್ತು ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಓಕ್ಲ್ಯಾಂಡಿನ ಆಸ್ಪತ್ರೆಯ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಕಾಗೆಯನ್ನು ನಾನೇ ಆಮೇಲೆ ತಂದು ಕೂರಿಸಿದ್ದು. ಆ ಜೂನ್ ತಿಂಗಳಿಡೀ ನನ್ನ ತಲೆಯಲ್ಲಿ ಹಕ್ಕಿಗಳೇ ತುಂಬಿದ್ದವು.

ನನ್ನ ಕೆಲಸ ಹಾಗಿದೆ. ಯೂನಿಯನ್ ಸಿಟಿಯ ನಮ್ಮ ಮನೆಯಿಂದ ಪ್ರತಿ ಶನಿವಾರ ಕ್ಯುಪರ್ಟಿನೋಗೆ ಹೋಗಿ, ಸ್ಪೆಲ್ಲಿಂಗ್ ಸ್ಪರ್ಧೆಗೆ ತಯಾರಾಗುವ ನಮ್ಮವರ ಮಕ್ಕಳಿಗೆ ಇಂಗ್ಲಿಷ್ ಪದಗಳ ಗ್ರೀಕ್ ಮತ್ತು ಲ್ಯಾಟಿನ್ ಬೇರುಗಳನ್ನು ಹೇಳಿಕೊಡುತ್ತೇನೆ. ಮದುವೆಯಾಗಿ ಈ ದೇಶಕ್ಕೆ ಬಂದ ಹೊಸತರಲ್ಲಿ ಕೆಲಸ ಮಾಡುವ ಪರವಾನಗಿ ನನಗಿರಲಿಲ್ಲ. ಹೊತ್ತು ಹೋಗದೆ ಹತ್ತಿರದ ಕಾಲೇಜಿನಲ್ಲಿ ಲ್ಯಾಟಿನ್ ಕಲಿತೆ, ಅದು ಮುಗಿದಾಗ ಗ್ರೀಕ್. ಹೊತ್ತು ಕಳೆಯಲು ಕಲಿತದ್ದೇ ಕಸುಬಾಯಿತು.

ಆ ತಿಂಗಳ ಪಟ್ಟಿ ಶಕುನದ ಪದಗಳದ್ದು. ಲ್ಯಾಟಿನ್ನಿನ ಆಸ್ಪಿಸಿಯಮ್ ಎಂದರೆ ಹಕ್ಕಿ ನೋಡುವುದು. ಗ್ರೀಕರ ಓಯೋನೋಸ್ ಎಂದರೆ ದೊಡ್ಡ ಬೇಟೆಹಕ್ಕಿ. ಶಕುನ ಎಂಬ ಅರ್ಥವೂ ಅದಕ್ಕಿದೆ. ನಮ್ಮ ಶಕುನವೂ ಸಂಸ್ಕೃತದಲ್ಲಿ ಹಕ್ಕಿಯೇ. ಮಾನ್‌ಸ್ಟ್ರಮ್ ಎಂದರೆ ಲ್ಯಾಟಿನ್ನಿನಲ್ಲಿ ದೇವರು ಕೊಟ್ಟ ಎಚ್ಚರಿಕೆ. ಅದೇ ಸವೆದು ಸವೆದು ಇಂಗ್ಲಿಷಿನ ಮಾನ್‌ಸ್ಟರ್ ಆಯಿತು. ಎಚ್ಚರಿಕೆ ಕಳೆದುಹೋಗಿ ಹೆದರಿಕೆಯೊಂದೇ ಉಳಿಯಿತು. ಯೂಫೀಮಿಯಾ ಎಂಬುದು ಗ್ರೀಕರಲ್ಲಿ ಬಲಿ ಕೊಡುವ ಮುಂಚೆ ಸಾರುವವನು ಕೂಗುತ್ತಿದ್ದ ಮಾತು: ಒಳ್ಳೆಯ ಮಾತನ್ನೇ ಆಡಿ. ಯಾವ ಮಾತು ಕೆಟ್ಟದ್ದಾಗುತ್ತದೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲರೂ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಕೆಟ್ಟದ್ದನ್ನು ಮೆತ್ತಗೆ ಹೇಳುವ ಯೂಫೆಮಿಸಮ್ ಅಲ್ಲಿಂದಲೇ ಬಂದದ್ದು ಎಂದು ವಿವರಿಸಿದಾಗ ಕ್ಲಾಸಿನಲ್ಲಿ ಒಬ್ಬಳು ಹುಡುಗಿ, "ಸೋ, ಆಂಟೀ, ದೇ ಜಸ್ಟ್ ಲೈಡ್?" ಎಂದಳು. ಅಲ್ಲ, ಸುಳ್ಳಲ್ಲ, ಮರ್ಯಾದೆ ಎಂದೆ.

ಈ ಕ್ಲಾಸು ಆಸ್ಪತ್ರೆಗೆ ಹೋಗುವ ಮುಂಚೆ ನಡೆದದ್ದೋ ಆಮೇಲೋ ನನಗೆ ನೆನಪಿಲ್ಲ. ಮುಂಚೆ ಎಂದು ಬರೆದರೆ ಚೆನ್ನಾಗಿ ಕೂರುತ್ತದೆ. ಚೆನ್ನಾಗಿ ಕೂರುತ್ತದೆ ಎಂಬುದೇ ನನಗೆ ಅನುಮಾನ ಹುಟ್ಟಿಸುವುದು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿಲ್ಲ.

ಆಸ್ಪತ್ರೆಗೆ ಹೋದದ್ದು ಅತ್ತೆಗಾಗಿ. ನನ್ನ ಗಂಡನ ತಾಯಿ. ಹಾಸನದ ಕಡೆಯವರು, ಹನ್ನೊಂದು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಈ ಮನೆಯ ಯೂಫೀಮಿಯಾ ಅವರದ್ದು. ನಮ್ಮಲ್ಲಿ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಒಮ್ಮೆ ಫ್ರೀವೇನಲ್ಲಿ ಲಾರಿಯೊಂದು ಅಡ್ಡ ಬಂದಾಗ "ಇವತ್ತು ಸತ್ತೇ ಹೋಗ್ತಿದ್ವಿ" ಎಂದುಬಿಟ್ಟೆ. ಹಿಂದಿನ ಸೀಟಿನಿಂದ ಅತ್ತೆ, "ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು ನೀನು!" ಎಂದು ಹಟ ಹಿಡಿದು, ನಾನು "ಬಿಡ್ತು" ಎನ್ನುವವರೆಗೂ ಬಿಡಲಿಲ್ಲ. ರೋಮಿನವರಲ್ಲೂ ಇಂಥದ್ದೇ ಒಂದು ನಿಯಮವಿತ್ತು. ಕೇಳದೆ ಬಂದ ಶಕುನವನ್ನು ಒಪ್ಪಿಕೊಂಡರೆ ಮಾತ್ರ ಅದು ತಟ್ಟುತ್ತದೆ. ಬೇಡ ಎಂದು ಬಾಯಲ್ಲಿ ಹೇಳಿ ತಳ್ಳಬಹುದು. ಅಪಶಕುನ ಕಣ್ಣಿಗೆ ಬೀಳದಿರಲೆಂದು ಮುಚ್ಚಿದ ಪಲ್ಲಕ್ಕಿಯಲ್ಲೇ ಓಡಾಡುತ್ತಿದ್ದ ಒಬ್ಬ ಸೇನಾಪತಿಯೂ ಅವರಲ್ಲಿದ್ದ.

ಆ ದಿನ ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕರೆಯುತ್ತೇನೆ, ಅದು ನಿಮ್ಮ ಹಕ್ಕು ಎಂದಳು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಅತ್ತೆ ಬೇಡವೆಂದು ಕೈ ಆಡಿಸಿದರು. "ಯಾರೋ ಏನಕ್ಕೆ? ನಮ್ಮ ಸೊಸೆ ಹಳೇ ಕಾಲದ ಭಾಷೆನೇ ಪಾಠ ಮಾಡ್ತಾಳೆ. ಇದ್ಯಾವ ಮಹಾ!" ದುಭಾಷಿ ಬೇಡ ಎಂಬ ಕಾಗದಕ್ಕೆ ರುಜು ಹಾಕಿದರು.

ಡಾಕ್ಟರು, ಅತ್ತೆಗೆ ತಿಳಿಯದ ಕಾರ್ಸಿನೋಮಾ ಎಂಬ ಪದ ಬಳಸಿ, ಹೇಳಿದ್ದು: ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆ. ತಿಂಗಳೊಳಗೆ ಆಪರೇಷನ್ ಆಗಬೇಕು. ಈಗ ತೆಗೆದರೆ ಒಳ್ಳೆಯ ಅವಕಾಶವಿದೆ.

ಅತ್ತೆ ನನ್ನ ಮುಖ ನೋಡುತ್ತಿದ್ದರು. "ಏನಂತೆ?"

"ಕರುಳಲ್ಲಿ ಒಂದು ಗಂಟಿದೆಯಂತೆ ಅತ್ತೆ. ತೆಗೆಸಿಬಿಡಬೇಕಂತೆ."

"ಗಂಟಾ? ಅಷ್ಟೇನಾ? ಅವಸ್ರ ಏನಿಲ್ವಲ್ಲ?"

ಇಲ್ಲಿ ನಾನು ಏನೆಂದೆ ಎಂಬುದು ನನಗೆ ಎರಡು ಥರ ನೆನಪಿದೆ. ಒಂದರಲ್ಲಿ "ಬೇಗ ಆದ್ರೆ ಒಳ್ಳೇದು ಅಂತಾರೆ" ಎನ್ನುತ್ತೇನೆ. ಇನ್ನೊಂದರಲ್ಲಿ "ಹಾಗೇನಿಲ್ಲ" ಎನ್ನುತ್ತೇನೆ. ಮೊದಲನೆಯದನ್ನು ನಂಬಲು ನನಗೆ ಎಷ್ಟು ಇಷ್ಟವಿದೆ ಎಂದರೆ, ಎರಡನೆಯದೇ ನಿಜವಿರಬೇಕು. ಅವರ ಉತ್ತರ ಮಾತ್ರ ಒಂದೇ.

"ಹಂಗಾರೆ ಆಷಾಢ ಕಳೀಲಿ ಬಿಡು. ಆಷಾಢದಲ್ಲಿ ಯಾರಾರ ಮೈಗೆ ಕತ್ತಿ ಹಾಕ್ಸ್ಕತಾರಾ? ಶ್ರಾವಣದಲ್ಲಿ ಮಾಡುಸ್ಕಂಡ್ರಾಯ್ತು."

ನಾನು ಡಾಕ್ಟರಿಗೆ ಆಗಸ್ಟ್ ತಿಂಗಳಲ್ಲಿ ದಿನ ಕೊಡಿ ಎಂದೆ. ಅದು ತಡವಾಗುತ್ತದೆ ಎಂದರು. ಮನೆಯಲ್ಲಿ ಕೆಲವು ಧಾರ್ಮಿಕ ಕಾರಣಗಳಿವೆ ಎಂದೆ. ಡಾಕ್ಟರು ಅತ್ತೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಅವರಿಗೆ ಪೂರ್ತಿ ಅರ್ಥವಾಗಿದೆಯೇ?" ಎಂದು ಕೇಳಿದರು. "ಆಗಿದೆ" ಎಂದೆ. ಇದು ಒಂದೇ ಥರ ನೆನಪಿದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಸಿಂಕಿನಲ್ಲಿದ್ದ ಲೋಟ ತೊಳೆದಿಟ್ಟು, "ಅಮ್ಮನ ಹತ್ರ ಆ ಹೆಸರು ಎತ್ತಬೇಡ. ಅವಳು ಮನಸ್ಸಲ್ಲೇ ಕುಸಿದುಹೋಗ್ತಾಳೆ" ಎಂದ. ಹಾಗೆ ಹೇಳಲೇ ಇಲ್ಲ ಎಂದು ಈಗ ವಾದಿಸುತ್ತಾನೆ. ಇರಬಹುದು. ಆ ಹೊತ್ತಿಗೆ ನಾನೇ ಮಾತನ್ನು ನುಂಗಿಯಾಗಿತ್ತು. ಅವನ ಅಪ್ಪಣೆಗೆ ಕಾದಿರಲಿಲ್ಲ. ಮಗಳಿಗೂ ಹೇಳಲಿಲ್ಲ. ಅವಳು ಅಜ್ಜಿಗೆ ಅರೆಬರೆ ತಿಳಿಯುವ ಇಂಗ್ಲಿಷಿನಲ್ಲೇ ಮಾತಾಡಿದರೂ ಮುಖದಲ್ಲಿ ಏನನ್ನೂ ಮುಚ್ಚಿಡಲಾರಳು.

ಆಷಾಢ ಪೂರ್ತಿ ನಾವು ಒಳ್ಳೆಯ ಮಾತನ್ನೇ ಆಡಿದೆವು. ಅತ್ತೆ ಸೊರಗುತ್ತಿದ್ದರು. "ಸೊಂಟದ ಅಳತೆ ಚೆನ್ನಾಗಾಯ್ತು, ನಿನ್ನ ಚೂಡಿದಾರ ನಂಗೂ ಆಯ್ತದೆ ಈಗ" ಎಂದು ತಮಾಷೆ ಮಾಡಿದರು. ನಾನು ನಕ್ಕೆ. ಅನ್ನ ಸೇರುತ್ತಿರಲಿಲ್ಲ; ಈ ದೇಶದ ಅಕ್ಕಿಯೇ ಹಿಂಗೆ ಎಂದರು. ಹೌದು ಎಂದೆ, ಬೇರೆ ಅಕ್ಕಿ ತಂದೆ.

ಆಗಸ್ಟಿನಲ್ಲಿ, ಆಪರೇಷನ್ನಿಗೆ ಮುಂಚೆ, ಮತ್ತೆ ಸ್ಕ್ಯಾನ್ ಮಾಡಿದರು. ಲಿವರಿಗೆ ಹರಡಿತ್ತು. ಬಲಿಪಶುವಿನ ಲಿವರ್ ನೋಡಿ ಭವಿಷ್ಯ ಹೇಳುವವನಿಗೆ ರೋಮಿನಲ್ಲಿ ಒಂದು ಹೆಸರಿತ್ತು, ನನ್ನ ಪಟ್ಟಿಯಲ್ಲೂ ಇತ್ತು. ಅದನ್ನು ಇಲ್ಲಿ ತಂದು ಜೋಡಿಸುವ ಆಸೆಯಾಗುತ್ತದೆ. ಬೇಡ. ಅದು ಯಾವುದನ್ನೂ ವಿವರಿಸುವುದಿಲ್ಲ.

ಫಲಿತಾಂಶ ಹೇಳುವ ದಿನ ನಾನೇ ದುಭಾಷಿಯನ್ನು ಕರೆಯಿರಿ ಎಂದೆ. ಅದು ಧೈರ್ಯವಲ್ಲ. ಹೇಳುವ ಬಾಯಿ ನನ್ನದಾಗಬಾರದಿತ್ತು, ಅಷ್ಟೇ. ಮೇಜಿನ ಮೇಲಿನ ಫೋನಿನಿಂದ ಹೆಂಗಸಿನ ದನಿ ಬಂತು, ಧಾರವಾಡದ ಕಡೆಯದು.

"ನಮಸ್ಕಾರ್ರೀ ಅಮ್ಮಾರ. ಡಾಕ್ಟರು ಹೇಳಾಕತ್ತಾರ್ರೀ, ನಿಮ್ಮ ಕರುಳಾಗಿನ ಕ್ಯಾನ್ಸರ್ ಈಗ ಲಿವರಿಗೂ ಹರಡೇತ್ರೀ. ಆಪರೇಷನ್ ಮಾಡಾಕ ಈಗ ಬರೂದಿಲ್ಲಂತ. ಔಷಧ ಕೊಡ್ತಾರಂತ, ಆದ್ರ ಪೂರ್ತಿ ವಾಸಿ ಆಗೂದಿಲ್ಲಂತ್ರೀ."

ಅತ್ತೆ ಫೋನನ್ನೇ ನೋಡುತ್ತಿದ್ದರು. "ಕ್ಯಾನ್ಸರು ಅಂತ ಯಾವಾಗ ಗೊತ್ತಾಯ್ತಂತೆ?"

ದನಿ ಇಂಗ್ಲಿಷಿನಲ್ಲಿ ಕೇಳಿತು. ಡಾಕ್ಟರು ನನ್ನತ್ತ ತಿರುಗದೆ ಉತ್ತರಿಸಿದರು.

"ಜೂನ್ ತಿಂಗಳಾಗ್ರೀ. ನೀವು ಮೊದಲ ಸಲ ಬಂದಾಗ ಇದ ಕೋಣ್ಯಾಗ ಹೇಳೇನಿ ಅಂತಾರ್ರೀ."

ಅತ್ತೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅತ್ತೆ ಫೋನಿಗೆ ಬಾಗಿ, "ನಿಮ್ದು ಯಾವೂರಮ್ಮಾ?" ಎಂದರು.

ಕೇಳಿದ್ದನ್ನೆಲ್ಲ ಅನುವಾದಿಸಬೇಕು, ತನ್ನ ವಿಷಯ ಹೇಳಬಾರದು ಎಂಬುದು ಆಕೆಯ ಕಟ್ಟುಪಾಡಿರಬೇಕು. ಪ್ರಶ್ನೆಯನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರು ತಬ್ಬಿಬ್ಬಾಗಿ ತಮ್ಮೂರು ಹೇಳಿದರು.

"ಒಹಾಯೋದವರಂತ್ರೀ ಅಮ್ಮಾರ."

ಅತ್ತೆ ನಕ್ಕರು.

ವಾಪಸು ರೈಲಿನಲ್ಲಿ ನಾವು ಎದುರುಬದುರು ಕೂತಿದ್ದೆವು. ಎರಡು ನಿಲ್ದಾಣ ಕಳೆದ ಮೇಲೆ ಅತ್ತೆ ಮಾತೆತ್ತಿದರು.

"ನೀನು ಗಂಟು ಅಂದೆ."

"ಹೂಂ ಅತ್ತೆ."

"ಅವಸ್ರ ಇಲ್ಲ ಅಂದೆ."

ಅಂದರೆ ನನ್ನ ಎರಡು ನೆನಪಿನಲ್ಲಿ ಎರಡನೆಯದೇ ನಿಜ. "ಹೂಂ" ಎಂದೆ.

"ಯಾಕವ್ವಾ?"

"ನೀವು ಕೆಟ್ಟ ಮಾತು ಆಡಬಾರದು ಅಂತೀರಲ್ಲ... ಹೆದರ್ಕೋತೀರೇನೋ ಅಂತ..." ನನ್ನ ಮಾತು ನನಗೇ ಅಸಹ್ಯವಾಯಿತು. ಅವರು ಕಲಿಸಿದ್ದನ್ನೇ ಅವರ ತಲೆಗೆ ಕಟ್ಟುತ್ತಿದ್ದೆ.

"ಎರಡು ಕೂಸ್ನ ಮಣ್ಣು ಮಾಡಿವ್ನಿ ನಾನು. ಒಂದು ಮಾತು ತಡ್ಕಳಕ್ಕೆ ಆಗ್ತಿರ್ಲಿಲ್ವಾ? ಗೊತ್ತಿದ್ದಿದ್ರೆ ಆಷಾಢ ಯಾವ ಲೆಕ್ಕ? ಅವತ್ತೇ ಮಲಿಕ್ಕತಿದ್ದೆ, ಕುಯ್ಯಪ್ಪ ಅಂತಿದ್ದೆ."

ತಡ ಮಾಡದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಬೇರೆಯಾಗಿ ಕೇಳಿದ್ದೇನೆ. ಹೇಳಲಾಗದು ಎಂದರು. ಆ ಉತ್ತರವನ್ನು ನನ್ನ ಕಡೆಗೂ ಎಳೆಯಬಹುದು, ನನ್ನ ವಿರುದ್ಧವೂ ಎಳೆಯಬಹುದು. ದಿನಕ್ಕೊಂದು ಕಡೆ ಎಳೆಯುತ್ತೇನೆ.

ಔಷಧ ಶುರುವಾಗುವ ಮುಂಚೆ ಅತ್ತೆ ಒಂದೇ ಶರತ್ತು ಹಾಕಿದರು. ಮಗನಿಗೆ ಹೇಳಿದರು, ನನಗಲ್ಲ. "ಡಾಕ್ಟರ ರೂಮೊಳಕ್ಕೆ ಅವಳು ಬರೋದು ಬ್ಯಾಡ. ನೀನೂ ಬ್ಯಾಡ. ಆ ಫೋನಿನ ಹುಡುಗಿ ಸಾಕು."

ಈಗ ಎರಡು ವಾರಕ್ಕೊಮ್ಮೆ ಕರೆದುಕೊಂಡು ಹೋಗುತ್ತೇನೆ. ನರ್ಸು ಅವರ ತೋಳು ಹಿಡಿದು ಒಳಗೆ ಕರೆದೊಯ್ಯುತ್ತಾಳೆ, ಬಾಗಿಲು ಮುಚ್ಚುತ್ತದೆ. ಹೊರಗೆ ಕೂತು ಶನಿವಾರದ ಪಟ್ಟಿ ಮಾಡುತ್ತೇನೆ, ಅಥವಾ ಮಾಡುವಂತೆ ನಟಿಸುತ್ತೇನೆ. ಒಳಗಿನಿಂದ ಅತ್ತೆಯ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಕಳೆದ ಸಲ ಬಹಳ ಹೊತ್ತಾಯಿತು. ಹೊರಬಂದಾಗ ಮುಖ ತೊಳೆದಂತಿತ್ತು.

"ಏನಂದ್ರು ಅತ್ತೆ?"

ಸೆರಗು ಸರಿಮಾಡಿಕೊಂಡರು.

"ಎಲ್ಲಾ ಚೆನ್ನಾಗೈತಂತೆ" ಎಂದರು. "ನಡಿ, ರೈಲು ತಪ್ಪೋಯ್ತದೆ."