ಹಿಮ್ಮಡಿಯ ಹದ

ನನ್ನ ಎಡಗಾಲಿನ ಹಿಮ್ಮಡಿ ಪಾಲಿಯುರೆಥೇನಿನದು. ಹೀಗೆಂದರೆ ಕೇಳಿದವರು ಗಾಬರಿಯಾಗುತ್ತಾರೆ. ರಬ್ಬರಿನ ದೂರದ ನೆಂಟ ಎಂದರೆ ಸಮಾಧಾನಪಡುತ್ತಾರೆ. ಲಾರಿಯೊಂದು ಪಾದದ ಮೇಲೆ ಹರಿದ ಮೇಲೆ ಈ ಕೃತಕ ಪಾದ ಬಂತು. ಚಳಿಗಾಲದಲ್ಲಿ ಅದು ಬಲು ಗಂಭೀರ. ಬಿಸಿಲೇರಿ ರಸ್ತೆ ಕಾದರೆ ಮೆತ್ತಗಾಗಿ, ಕಾಲೇ ಕೈಕೊಡುತ್ತಿತ್ತು. ಹೊಳಗುಂದದ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ಒಂದು ದಿನ ಲಘು-ಗುರು ಹಾಕುತ್ತಲೇ ಒಂಬತ್ತನೆಯ ತರಗತಿಯ ಮುಂದೆ ಬಿದ್ದೆ. ಮಕ್ಕಳು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಕೂತು ಮಾಡುವ ಕೆಲಸ ಕೊಡಿ ಎಂದು ಅರ್ಜಿ ಬರೆದೆ.

ಅದನ್ನು ಕೊಡಲು ಆದೋನಿಗೆ ಹೋದಾಗ ಹಳೆಯ ವಿದ್ಯಾರ್ಥಿನಿ ಗಂಗಮ್ಮ ಸಿಕ್ಕಳು. ಕೆಮಿಸ್ಟ್ರಿ ಓದಿದ ಆಕೆ ಹತ್ತಿ ಮಿಲ್ಲಿನ ರೋಲರುಗಳಿಗೆ ಇದೇ ಪಾಲಿಯುರೆಥೇನಿನ ಹೊದಿಕೆ ಎರಕ ಹೊಯ್ಯುತ್ತಾಳೆ. ನನ್ನ ಹಿಮ್ಮಡಿಯನ್ನು ಉಗುರಿನಿಂದ ಒತ್ತಿ ನೋಡಿದಳು.

"ಅರ್ಜಿ ಬ್ಯಾಡ್ರಿ ಸಾರ್. ಇದರ ಪಾಕ ತಪ್ಪೈತಿ, ಅಷ್ಟೇ. ಇದರಾಗ ಅಣುಗಳ ಮೆತ್ತನ ಸರಪಳಿ, ಗಟ್ಟಿ ಸರಪಳಿ ಎರಡೂ ಇರ್ತಾವ. ಗಟ್ಟೀದು ಹೆಚ್ಚಾದ್ರ ಬಿಸಲು ತಡೀತೈತಿ, ಆದ್ರ ಪುಟಿಯಂಗಿಲ್ಲ."

ಆಕೆ ಮಾಡಿಕೊಟ್ಟ ಮೊದಲ ಹಿಮ್ಮಡಿ ಕಲ್ಲು. ಮಂಡಿ ನೋಯುತ್ತಿತ್ತು, ಟಕಟಕ ಸದ್ದಿಗೆ ಮಕ್ಕಳು ಮೊದಲೇ ಪುಸ್ತಕ ತೆರೆದಿರುತ್ತಿದ್ದರು, ಅದೊಂದೇ ಲಾಭ. ಎರಡನೆಯದು ವಾರದಲ್ಲೇ ಬಿರುಕುಬಿಟ್ಟಿತು. ಸಾಕಮ್ಮಾ ಎಂದೆ. ಗಂಗಮ್ಮನಿಗೆ ಸಿಟ್ಟು ಬಂತು.

"ನನ್ನ ಕಾಗುಣಿತ ಎಷ್ಟು ಸಲ ತಿದ್ದಿಸೀರಿ? ನಾ ಸಾಕಂದೆನೇನ್ರಿ?"

ಮೂರನೆಯ ಸಲ ಮೆತ್ತನೆಯ ಸರಪಳಿಯ ಜಾತಿಯನ್ನೇ ಬದಲಿಸಿ, ಚಿಟಿಕೆ ಸಿಲಿಕಾ ಪುಡಿ ಬೆರೆಸಿ, ಹಗಲಿಡೀ ಬಿಸಿ ಪೆಟ್ಟಿಗೆಯಲ್ಲಿಟ್ಟು ಹದಗೊಳಿಸಿದಳು. ಮೇ ತಿಂಗಳ ನಡುಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ಬಸ್ ನಿಲ್ದಾಣದವರೆಗೆ ನಡೆದೆ. ಬಿದ್ದರೆ ಹಿಡಿಯಲೆಂದು ಆಕೆ ಸ್ಕೂಟರ್ ತಳ್ಳಿಕೊಂಡು ಪಕ್ಕದಲ್ಲೇ ಬಂದಳು. ನಾನು ಬೀಳಲಿಲ್ಲ. ಬಸ್ಸು ಹತ್ತುವಾಗ ಕಂಬಿ ಹಿಡಿಯುವುದನ್ನೇ ಮರೆತೆ. ಕೊಡದೆ ಜೇಬಿನಲ್ಲೇ ಉಳಿದಿದ್ದ ಅರ್ಜಿಯನ್ನು ಹರಿದುಹಾಕಿ, ಜೂನಿನಿಂದ ಇಡೀ ಪೀರಿಯಡ್ಡು ನಿಂತೇ ಪಾಠ ಮಾಡಿದೆ. ಪಾಠ ಸುಧಾರಿಸಿತೆಂದು ಮಾತ್ರ ಯಾರೂ ಹೇಳಿಲ್ಲ.

ಮೊನ್ನೆ ಆಕೆಯಲ್ಲಿಗೆ ಹೋದಾಗ ನನ್ನಂತೆಯೇ ಪಾದ ಕಳೆದುಕೊಂಡ ಕುರಿಗಾಹಿ ಈರಣ್ಣ ಬಂದಿದ್ದ.

"ಸಾರ್‌ಗೆ ಮಾಡಿದಂಥಾದ್ದ ನನಗೂ ಮಾಡಿಕೊಡ್ರಿ," ಎಂದ.

"ಸಾರ್ ನಿಂತು ಪಾಠ ಹೇಳೋರು. ನೀ ಗುಡ್ಡದ ಕಲ್ಲಾಗ ಅಡ್ಡಾಡಾಂವ. ಅದು ನಿನಗ ಆಗಂಗಿಲ್ಲ," ಎಂದಳು ಗಂಗಮ್ಮ.

ಈರಣ್ಣನ ಮುಖ ಬಾಡಿತು. ಅಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದಳು.

"ನಡಿ, ಮೊದ್ಲು ನಿನ್ನ ಗುಡ್ಡ ನೋಡಿಬರೂಣು."