ಖಾಲಿ ಡಬ್ಬದ ರಾಮಾಂಜನೇಯ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ಕಡಲೆಕಾಯಿ ಎಣ್ಣೆ ಮಿಲ್ಲೊಂದರ ಗೋಡೆಗೆ ಒತ್ತಿಕೊಂಡು ರಾಮಾಂಜನೇಯನ ಅಂಗಡಿ ಇದೆ. ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳನ್ನು ಹಳೆಯದರಲ್ಲಿ ಕೊಂಡು, ರಿಪೇರಿ ಮಾಡಿ ಮಾರುವುದು ಅವನ ಕಸುಬು. ನಾಯಕನಹಟ್ಟಿ ಕಡೆಯ ಗೊಲ್ಲರಹಟ್ಟಿಯವನು. ಅಪ್ಪ ಯತ್ತಪ್ಪ ಸಂತೆಯಲ್ಲಿ ಕುರಿಯ ಬೆನ್ನಿಗೆ ಅಂಗೈ ಊರಿ ತೂಕ ಹೇಳುತ್ತಿದ್ದ. ಮಗ ಕನ್ಸೋಲಿನ ಬೆನ್ನಿಗೆ ಅಂಗೈ ಇಟ್ಟು, ಫ್ಯಾನಿನ ಸದ್ದು ಕೇಳಿ, "ಇನ್ನೆರಡು ವರ್ಷಕ್ಕೆ ಮೋಸ ಇಲ್ಲ" ಎನ್ನುತ್ತಾನೆ. ಮಾತು ತಪ್ಪಿದ್ದು ಎರಡೇ ಸಲ. ಆ ಎರಡಕ್ಕೂ ಇಲಿಯೇ ಕಾರಣ ಎಂದು ಇವತ್ತಿಗೂ ವಾದಿಸುತ್ತಾನೆ.

ಅವನಲ್ಲಿ ಒಂದು ವಿಚಿತ್ರವಿತ್ತು. ಕನ್ಸೋಲನ್ನು ಬಟ್ಟೆಚೀಲಕ್ಕೆ ಹಾಕಿ ಕೊಡುತ್ತಿದ್ದನೇ ಹೊರತು ಅದು ಬಂದ ರಟ್ಟಿನ ಡಬ್ಬವನ್ನು ಯಾರಿಗೂ ಕೊಡುತ್ತಿರಲಿಲ್ಲ. ಹಟ್ಟಿಯಲ್ಲಿ ಹಸು ಮಾರಿದರೆ ಹಗ್ಗ ಬಿಚ್ಚಿಕೊಂಡೇ ಕೊಡುವುದು. ಹಗ್ಗವೂ ಹೋದರೆ ದೊಡ್ಡಿಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳಂತೆ. ಅವ್ವ ಜುಂಜಮ್ಮ ಅಂಗಡಿ ಪೂಜೆಯ ದಿನ ಇದನ್ನೇ ಒತ್ತಿ ಹೇಳಿದ್ದಳು. ಕನ್ಸೋಲಿಗೆ ಹಗ್ಗ ಎಲ್ಲಿಂದ ತರೋಣ? ವೈರ್ ಇಟ್ಟುಕೊಂಡರೆ ಗಿರಾಕಿ ಬೈಯುತ್ತಾನೆ. ಅದಕ್ಕೇ ಡಬ್ಬ ಇಟ್ಟುಕೊಂಡ. ಅಟ್ಟದಲ್ಲಿ ನೂರಕ್ಕೂ ಹೆಚ್ಚು ಡಬ್ಬಗಳಾದವು. ಹೆಂಡತಿ ಶೃತಿ ಅವನನ್ನು "ನಮ್ಮ ಖಾಲಿ ಡಬ್ಬದ ಸಾಹುಕಾರ್ರು" ಎಂದೇ ಕರೆಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಜೊತೆ ಚರ್ಚೆ. ಪಕ್ಕದ ಮಿಲ್ಲಿನ ಸಾಹುಕಾರರ ಮಗ ವೀರೇಶ್ ಯಾವ ಕನ್ಸೋಲ್ ಬಂದರೂ ಮೊದಲ ದಿನವೇ ಕೊಳ್ಳುವವನು. ಪಾಲಾಕ್ಷ ಚಳ್ಳಕೆರೆ–ಮೊಳಕಾಲ್ಮುರು ಖಾಸಗಿ ಬಸ್ಸಿನ ಕಂಡಕ್ಟರ್. ಎರಡೂ ಊರುಗಳ ನಡುವೆ ದಿನಕ್ಕೆ ಆರು ಸಲ ಓಡಾಡಿ ಮನೆಗೆ ಬಂದು, ಮತ್ತೆ ಟಿ.ವಿ.ಯಲ್ಲಿ ಲಾರಿ ಓಡಿಸುವ ಆಸಾಮಿ. ಆ ಲಾರಿ ಆಟದಲ್ಲಿ ಒಂದೇ ದೇಶ ಪುಕ್ಕಟೆ. ಮಿಕ್ಕ ದೇಶಗಳ ರಸ್ತೆ ಬೇಕಾದರೆ ಒಂದೊಂದಕ್ಕೂ ಬೇರೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಬೇಕು.

"ಲಾರಿ ಮಾರಿದ ಮೇಲೆ ರೋಡಿಗೆ ಬೇರೆ ರೇಟಾ? ಹಗಲು ದರೋಡೆ ಅಲ್ಲೇನೋ?" ಎಂದು ವೀರೇಶ್ ಕೆಣಕುತ್ತಿದ್ದ.

"ನಿಂಗೇನ್ ಗೊತ್ತಲೇ. ರೇಟ್ ಇಳಿಯೋತಂಕ ಕಾದು ತಗೊಂಡಿದೀನಿ. ನಾಕು ವರ್ಷಕ್ಕೆ ಹನ್ನೊಂದು ದೇಶ. ನೀನು ಒಂದಾದ್ರೂ ನೋಡೀಯಾ?" ಎನ್ನುತ್ತಿದ್ದ ಪಾಲಾಕ್ಷ. ಅವನ ಬಸ್ಸು ಮೊಳಕಾಲ್ಮುರು ದಾಟಿದ್ದಿಲ್ಲ. ಆದರೆ ಹಿಮ ಬಿದ್ದ ಘಾಟಿಯಲ್ಲಿ ಯಾವ ತಿರುವಿಗೆ ಬ್ರೇಕ್ ಹಿಡಿಯಬೇಕೆಂದು ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲವನಾಗಿದ್ದ.

ದೀಪಾವಳಿಗೆ ಹೊಸ ಕನ್ಸೋಲಿನ ಬೆಲೆ ಇಳಿಯಿತು. ಪಾಲಾಕ್ಷನಿಗೆ ತಡೆಯಲಾಗಲಿಲ್ಲ, ಒಂದು ಕೊಂಡುಬಿಟ್ಟ. ನಾಲ್ಕು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೊಂಡಿದ್ದ ಹಳೆಯದನ್ನು, ರಾಮಾಂಜನೇಯ ಹೇಳಿದ ರೇಟಿಗಿಂತ ಎರಡು ಸಾವಿರ ಹೆಚ್ಚು ಕೊಡುತ್ತೇನೆಂದ ಪ್ರಯಾಣಿಕನೊಬ್ಬನಿಗೆ ಸದ್ದಿಲ್ಲದೆ ಮಾರಿಬಿಟ್ಟ. ಎರಡೇ ದಿನಕ್ಕೆ ಅಂಗಡಿಗೆ ಬಂದ, ಮುಖ ಹುಳ್ಳಗಾಗಿತ್ತು.

"ಮಿಷಿನ್ ಚೆಕ್ ಮಾಡ್ಬೇಕು, ಒಂದಿನಕ್ಕೆ ಪಾಸ್‌ವರ್ಡ್ ಕೊಡಣ್ಣ ಅಂದ. ಟಿಕೆಟ್ ಹಿಂದೆ ಬರ್ದು ಕೊಟ್ಟೆ. ಈಗ ಪಾಸ್‌ವರ್ಡೂ ಬದ್ಲು, ಮೇಲ್ ಐಡಿನೂ ಬದ್ಲು. ಫೋನ್ ಎತ್ತಲ್ಲ. ಹನ್ನೊಂದು ದೇಶನೂ ಹೋದ್ವು ಕಣೋ."

ವೀರೇಶ್ ಕೂಡ ನಗಲಿಲ್ಲ. ರಾಮಾಂಜನೇಯನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ತನಗೆ ಹೇಳದೆ ಮಾರಿದ್ದಕ್ಕಲ್ಲ, ಆ ಸಿಟ್ಟನ್ನು ನಾಳೆಗೆ ಇಟ್ಟುಕೊಳ್ಳಬಹುದಿತ್ತು; ಪಾಸ್‌ವರ್ಡ್ ಬರೆದುಕೊಟ್ಟಿದ್ದಕ್ಕೆ.

"ಹಸುನೂ ಕೊಟ್ಟು ಹಗ್ಗನೂ ಕೊಟ್ಟು ಬಂದಿದೀಯಲ್ಲೋ ಪುಣ್ಯಾತ್ಮ. ನೀ ತಗೊಂಡ ರೋಡು ಮಿಷಿನ್ನಾಗೆ ಇರಲ್ಲ, ನಿನ್ನ ಅಕೌಂಟ್ನಾಗೆ ಇರ್ತಾವೆ. ಮಿಷಿನ್ ಯಾರಿಗಾದ್ರೂ ಮಾರು, ಅಕೌಂಟ್ ನಿನ್ ಕೈಯಾಗಿರ್ಬೇಕು. ಸುಮ್ನೆ ಕೂತ್ಕೋ. ಸಂಜೆಯೊಳಗೆ ತರ್ಸಿಕೊಡ್ತೀನಿ."

ಹೇಗೆಂದು ಆ ಕ್ಷಣಕ್ಕೆ ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಹೇಳಿ ಆಗಿತ್ತು. ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ. ಖಾತೆ ನಿಮ್ಮದೆನ್ನುವುದಕ್ಕೆ ಪುರಾವೆ ಏನು, ಮೊದಲ ದಿನ ಖಾತೆ ತೆರೆದ ಕನ್ಸೋಲಿನ ಸೀರಿಯಲ್ ನಂಬರ್ ಹೇಳಿ ಎಂದರು. ಪಾಲಾಕ್ಷ ತಲೆಯ ಮೇಲೆ ಕೈ ಹೊತ್ತ. ನಂಬರು ಕನ್ಸೋಲಿನ ಬೆನ್ನ ಮೇಲಿದೆ, ಕನ್ಸೋಲ್ ಆ ಕಳ್ಳನ ಮನೆಯಲ್ಲಿದೆ.

ರಾಮಾಂಜನೇಯನ ಮುಖ ಅರಳಿತು. ನಂಬರಿನ ಚೀಟಿ ಡಬ್ಬದ ಮೇಲೂ ಇರುತ್ತದೆ. ಏಣಿ ಹಾಕಿ ಅಟ್ಟ ಹತ್ತಿದ. ಪ್ರತಿ ಡಬ್ಬದ ಮೇಲೂ ಕೊಂಡವನ ಹೆಸರು ಬರೆದಿಟ್ಟಿದ್ದ. ಮರುಳಪ್ಪ ಸಿಕ್ಕ, ವಿಶ್ವನಾಥ್ ಸಿಕ್ಕ, ಪಾಲಾಕ್ಷ ಸಿಗಲಿಲ್ಲ. ಶೃತಿಗೆ ಫೋನ್ ಮಾಡಿದ.

"ಹೋದ್ವಾರ ಅತ್ತೆ ಬಂದಾಗ ಒಂದು ಡಬ್ಬ ಒಯ್ದ್ರು. ಮರಿ ಮಲಗ್ಸಕೆ ಬೇಕು ಅಂದ್ರು" ಎಂದಳು ಅವಳು.

ರಾಮಾಂಜನೇಯ, ಪಾಲಾಕ್ಷ ಇಬ್ಬರೂ ಬೈಕಿನಲ್ಲಿ ಹಟ್ಟಿಗೆ ಹೋದರು. ಮೇಕೆ ರಟ್ಟು ತಿನ್ನುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಮನೆಯ ಮೂಲೆಯಲ್ಲಿ ಡಬ್ಬ ಇತ್ತು. ಒಳಗೆ ಕಂಬಳಿ ತುಂಡಿನ ಮೇಲೆ ತಾಯಿ ಸತ್ತ ಮೇಕೆಮರಿ ಮಲಗಿತ್ತು. ಡಬ್ಬದ ಒಂದು ಮಗ್ಗುಲನ್ನು ಯಾವುದೋ ಮೇಕೆ ಮೇದು ಮುಗಿಸಿತ್ತು.

ರಾಮಾಂಜನೇಯ ಡಬ್ಬಕ್ಕೆ ಕೈ ಹಾಕಿದ್ದೇ ತಡ, ಜುಂಜಮ್ಮ ಗದರಿದಳು: "ಲೇ, ಮುಟ್ಟಬ್ಯಾಡ. ಈಗ ಹಾಲು ಕುಡ್ದು ಕಣ್ಣು ಮುಚ್ಚೈತೆ."

ಮುಟ್ಟಲಿಲ್ಲ. ಸಾರಿಸಿದ ನೆಲದ ಮೇಲೆ ಉದ್ದಕ್ಕೆ ಮಲಗಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಹಿಂದಿನ ಸಂದಿಗೆ ಮೊಬೈಲಿನ ಬೆಳಕು ಬಿಟ್ಟ. ಗೋಡೆಯ ಕಡೆಗಿದ್ದುದರಿಂದ ಆ ಮಗ್ಗುಲು ಮೇಕೆಯ ಬಾಯಿಗೆ ಸಿಕ್ಕಿರಲಿಲ್ಲ. ಚೀಟಿ ಇತ್ತು, ನಂಬರೂ ಇತ್ತು. ಅವನು ಒಂದೊಂದೇ ಅಕ್ಷರ ಹೇಳಿದ, ಪಾಲಾಕ್ಷ ಟಿಕೆಟ್ ಹಿಂದೆ ಬರೆದುಕೊಂಡ. ಕಥೆ ಕೇಳಿದ ಜುಂಜಮ್ಮ ಪಾಲಾಕ್ಷನನ್ನು ಅಡಿಯಿಂದ ಮುಡಿಯವರೆಗೂ ನೋಡಿ, "ಹಗ್ಗನೂ ಕೊಟ್ಟ್ಯೇನಪ್ಪಾ?" ಎಂದು ಮರುಗಿ, ಮಜ್ಜಿಗೆ ತಂದುಕೊಟ್ಟಳು.

ಕಟ್ಟೆಯ ಮೇಲೆ ಕೂತೇ ಮತ್ತೆ ಫೋನ್ ಮಾಡಿದರು. ನಂಬರು ತಾಳೆಯಾಯಿತು. ಐದು ಗಂಟೆಗೆಲ್ಲ ಖಾತೆ ಪಾಲಾಕ್ಷನ ಕೈಗೆ ಬಂತು. ಮೊಬೈಲಿನಲ್ಲೇ ಪಟ್ಟಿ ತೆರೆದು ಬೆರಳು ಮಡಚುತ್ತಾ ದೇಶಗಳನ್ನು ಎಣಿಸಿದ. ಹನ್ನೊಂದಕ್ಕೆ ಬಂದು ಕಣ್ಣೊರೆಸಿಕೊಂಡ.

ಆರು ಗಂಟೆಗೆ, ಎರಡು ದಿನದಿಂದ ಫೋನ್ ಎತ್ತದಿದ್ದವನು ತಾನಾಗಿಯೇ ಫೋನ್ ಮಾಡಿದ. ಪಾಲಾಕ್ಷ ಸ್ಪೀಕರ್ ಹಾಕಿದ.

"ಏನಣ್ಣಾ, ಲಾರಿ ಮುಂದಕ್ಕೇ ಹೋಗ್ತಿಲ್ಲ. ರೋಡೆಲ್ಲ ಮಾಯ ಆಗೈತೆ. ಎಂಥಾ ಮಿಷಿನ್ ಕೊಟ್ಟೀಯ ನೀನು?"

ಪಾಲಾಕ್ಷ ರಾಮಾಂಜನೇಯನ ಮುಖ ನೋಡಿದ. ಆಮೇಲೆ, ಚಿಲ್ಲರೆ ಇಲ್ಲದ ಪ್ರಯಾಣಿಕನಿಗೆ ಹೇಳುವ ಅದೇ ದನಿಯಲ್ಲಿ ಹೇಳಿದ:

"ಮಿಷಿನ್ ನಿಂದೇ, ಇಟ್ಕಳಪ್ಪ. ಹಗ್ಗ ನಮ್ದು."

ಮರುದಿನ ಮೊದಲ ಟ್ರಿಪ್ಪಿಗೆ ಮುಂಚೆ ಅವನು ತನ್ನ ಹೊಸ ಕನ್ಸೋಲಿನ ಖಾಲಿ ಡಬ್ಬವನ್ನು ತಂದು, ಯಾರನ್ನೂ ಕೇಳದೆ ಏಣಿ ಹತ್ತಿ, ಅಟ್ಟದ ಮೇಲಿಟ್ಟು ಹೋದ.