ಆಂಬುಲೆನ್ಸ್ ಚಾಸಿಯ ಮೇಲೆ ಕಟ್ಟಿದ ಮನೆ

ಎರಡನೆಯ ಮಹಾಯುದ್ಧ ನಿಂತ ಮರುವರ್ಷ, ಕಾರ್ತಿಕದ ಒಂದು ಬೆಳಿಗ್ಗೆ, ದೊಡ್ಡಬಳ್ಳಾಪುರದ ಹೊರಗಿದ್ದ ಗಾಡಿ ಆಚಾರಿಯ ಕೊಟ್ಟಿಗೆಯ ಮುಂದೆ ನಾವು ಐದು ಜನ ಸೇರಿದ್ದೆವು. ನಾನು, ನನ್ನ ಹೆಂಡತಿ, ಅವಳ ಅಣ್ಣ, ಎತ್ತಿನ ಗಾಡಿ ಮಾಡುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಬೇಕಾಗಿದ್ದ ಆಚಾರಿ, ಮತ್ತು ಬಸ್ಸು ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಸಾಹೇಬರು. ನಮ್ಮೆಲ್ಲರ ನಡುವೆ ನಿಂತಿದ್ದದ್ದು ಒಂದು ಚಾಸಿ.

ಚಾಸಿ ಎಂದರೆ ಮೈ ಇಲ್ಲದ ಲಾರಿ. ಎರಡು ಉದ್ದನೆಯ ಕಬ್ಬಿಣದ ತೊಲೆ, ಮುಂದೆ ಎಂಜಿನ್ನು, ಕೆಳಗೆ ಚಕ್ರ, ಕೂತು ಓಡಿಸುವುದಕ್ಕೆ ಒಂದು ಹಲಗೆ, ಅಷ್ಟೆ. ಭಾವನವರು ಅದಕ್ಕೆ ಒಂದು ಪ್ರದಕ್ಷಿಣೆ ಬಂದು, ಪಂಚೆಯ ಚುಂಗಿಗೆ ಮೆತ್ತಿಕೊಂಡ ಗ್ರೀಸನ್ನು ನೋಡಿಕೊಂಡು, "ಇದರ ಮೇಲೆ ಸಂಸಾರ ಮಾಡ್ತೀಯೇನಪ್ಪಾ?" ಎಂದರು. ನನ್ನ ಮನಸ್ಸು ಆಗಲೇ ತೂಬಗೆರೆ ದಾಟಿ ಎಲ್ಲಿಗೋ ಹೋಗಿಬಿಟ್ಟಿತ್ತು.

ನಾನು ಊರೂರು ಅಲೆದು ಫೋಟೋ ತೆಗೆಯುತ್ತಿದ್ದವನು. ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ, ಚಿತ್ರ ಮೂಡುವ ಗಾಜಿನ ಪ್ಲೇಟುಗಳ ಪೆಟ್ಟಿಗೆ ಹೊತ್ತು ಬಸ್ಸಿನ ತಲೆಯ ಮೇಲೆ, ಗಾಡಿಯ ಹಿಂದೆ, ಕೆಲವೊಮ್ಮೆ ಸುಮ್ಮನೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದೆ. ನನ್ನ ಅಜ್ಜಿ ನಾನು ಅಂಬೆಗಾಲಿಡುವಾಗಲೇ ಇವನ ಕಾಲಿಗೆ ಚಕ್ರವಿದೆ ಎಂದಿದ್ದಳಂತೆ. ಒಂದು ಊರಿನಲ್ಲಿ ಮೂರು ದಿನ ಆಯಿತೆಂದರೆ ಅಂಗಾಲು ತುರಿಸಲು ಶುರು. ಆದರೆ ಮದುವೆಯಾದ ಮೇಲೆ ಕಷ್ಟವಾಯಿತು. ಹೆಂಡತಿಯನ್ನು ಬಾಡಿಗೆ ಕೋಣೆಯಲ್ಲಿ ಬಿಟ್ಟು ತಿಂಗಳುಗಟ್ಟಲೆ ಹೋದರೆ ಅವಳು ಒಬ್ಬಳೇ. ಕರೆದುಕೊಂಡು ಹೋದರೆ ಕಂಡವರ ಜಗುಲಿ. ಅವಳಿಲ್ಲದೆ ನನ್ನ ಕಸುಬೂ ಅರ್ಧ. ಹಳ್ಳಿಯ ಹೆಂಗಸರು ನನ್ನ ಎದುರು ಕೂತರೆ ಮುಖ ನೆಲದಲ್ಲಿ ಹೂತುಬಿಡುತ್ತಿದ್ದರು. ಇವಳು ಹೋಗಿ ಸೆರಗು ಸರಿಮಾಡಿ, ಒಂದು ಮಾತಾಡಿಸಿ, ತಲೆ ಎತ್ತಿಸಬೇಕು. ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮರೆಸುವವಳೂ ಅವಳೇ.

ದೇವನಹಳ್ಳಿಯ ಕೋಟೆಯೊಳಗೆ ಭಾವನವರ ದಿನಸಿ ಅಂಗಡಿ ಇತ್ತು. ಅದರ ಪಕ್ಕದ ಮಳಿಗೆಯನ್ನು ನನಗಾಗಿ ಖಾಲಿ ಇಟ್ಟುಕೊಂಡಿದ್ದರು. ಅಲ್ಲಿ ಪರದೆ ಕಟ್ಟಿ ಸ್ಟುಡಿಯೋ ಇಟ್ಟುಕೊಂಡು ಕೂರಬೇಕು, ತಂಗಿ ಕಣ್ಣೆದುರಿಗಿರಬೇಕು ಎನ್ನುವುದು ಅವರ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮಳಿಗೆಯ ಬಾಗಿಲು ನೆನೆದರೆ ನನಗೆ ಮತ್ತೆ ಅಂಗಾಲು ತುರಿಸುತ್ತಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಯುಗಾದಿಯೊಳಗೆ ನಾನು ಚಕ್ರದ ಮೇಲೆ ಓಡಾಡುವ ಮನೆಯೊಂದನ್ನು ಮಾಡಿ, ಅದರಲ್ಲಿ ಅವಳು ಇರುತ್ತೇನೆಂದು ಒಪ್ಪಿದರೆ ಸರಿ. ಇಲ್ಲವಾದರೆ ಮಳಿಗೆ.

ಯುದ್ಧದ ಲಾರಿಗಳನ್ನು ಬೆಂಗಳೂರಿನ ಹೊರಗೆ ಒಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ಸಾಹೇಬರನ್ನು ಕರೆದುಕೊಂಡು ಹೋಗಿದ್ದೆ. ನಾನು ಮೊದಲು ಮನಸೋತದ್ದು ನಾಲ್ಕೂ ಚಕ್ರ ಎಳೆಯುವ ಒಂದು ಎತ್ತರದ ಲಾರಿಗೆ. ರಸ್ತೆಯೇ ಇಲ್ಲದ ಕಡೆ ಹೋಗುತ್ತದೆ ಎಂದು ಮಾರುವವನು ಹೇಳಿದ ಕೂಡಲೇ ನಾನು ಹತ್ತಿ ಕೂತಿದ್ದೆ. ಸಾಹೇಬರು ಕೆಳಗೇ ನಿಂತು, ಅದು ಕುಡಿಯುವ ಪೆಟ್ರೋಲಿಗೆ ರೇಷನ್ ಕೂಪನ್ನು ಯಾರು ಕೊಡುತ್ತಾರೆ, ಆ ಎತ್ತರದ ಮೇಲೆ ಮನೆಯನ್ನೂ ಕೂರಿಸಿದರೆ ಗಾಳಿಗೆ ನಿಲ್ಲುತ್ತದೆಯೇ ಎಂದು ಸಮಾಧಾನವಾಗಿ ಕೇಳಿದರು. ಇನ್ನೊಂದು ಹಳೆಯ ಬಸ್ಸಿನದು, ತಗ್ಗಾಗಿತ್ತು, ಆದರೆ ತೊಲೆಯಲ್ಲಿ ಕೂದಲೆಳೆಯ ಬಿರುಕು. ಸಾಹೇಬರು ಅದಕ್ಕೆ ಉಗುರು ತಾಗಿಸಿ ಎದ್ದುಬಿಟ್ಟರು. ಮೂರನೆಯದು ಆಂಬುಲೆನ್ಸಿನ ಚಾಸಿ. ಅದರ ಕಮಾನು ಪಟ್ಟಿಗಳು, ಎಂದರೆ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಉಳಿದವಕ್ಕಿಂತ ಉದ್ದ, ತೆಳು. ಮಲಗಿದ ಗಾಯಾಳುಗಳು ಕುಲುಕಬಾರದೆಂದು ಹಾಗೆ ಮಾಡಿದ್ದರು. ಅದನ್ನೇ ಹಿಡಿದೆವು. ಮನೆಗೆ ಬಂದು ಹೇಳಿದಾಗ ಹೆಂಡತಿ, "ಕೈಕಾಲು ಮುರಿದೋರನ್ನೇ ಹೊತ್ಕೊಂಡು ಹೋಗಿದೆಯಂತಲ್ಲ, ನನ್ನನ್ನೂ ಹೊತ್ಕೊಳ್ಳುತ್ತೆ ಬಿಡಿ" ಎಂದಳು.

ಆಚಾರಿ ಕೆಲಸ ಹಿಡಿದರು. ಮತ್ತಿಮರದ ಕಂಬ, ತೆಳು ಹಲಗೆಯ ಗೋಡೆ, ಮೇಲೆ ತಗಡು. ಮುಂದಿನ ಭಾಗದಲ್ಲಿ ಇಬ್ಬರು ಮಲಗುವ ಮಂಚ, ನಡುವೆ ಒಲೆ, ಹಿಂದೆ ಪ್ಲೇಟು ತೊಳೆಯುವ ಕತ್ತಲೆ ಕೋಣೆ. ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಉಳಿ ಎತ್ತಿ ಆ ಕಡೆ ಇಡುತ್ತಿದ್ದೆ, ಮತ್ತೆ ಈ ಕಡೆ ಇಡುತ್ತಿದ್ದೆ. ಒಂದು ದಿನ ಆಚಾರಿ ನನ್ನ ಕೈಯಿಂದ ಉಳಿ ತೆಗೆದುಕೊಂಡು, ನೀವು ದೂರ ಇದ್ದಷ್ಟೂ ಮನೆ ಬೇಗ ಆಗುತ್ತದೆ ಸ್ವಾಮಿ ಎಂದು ಹೇಳಿ ಕಳಿಸಿದರು. ಸಾಹೇಬರು ಮನೆ ಕಟ್ಟುವ ಆ ತಿಂಗಳುಗಳಲ್ಲೆಲ್ಲ ಹೊಸಕೋಟೆಯ ಕಡೆ ಒಬ್ಬರ ಬಸ್ಸುಗಳ ಕೆಲಸದಲ್ಲಿದ್ದರು. ಅವರು ಇದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಆಚಾರಿಗೆ ಗೊತ್ತಿದ್ದದ್ದು ಗಾಡಿ. ಎತ್ತಿನ ಗಾಡಿಗೆ ಇರುವುದು ಎರಡು ಚಕ್ರ ಕೂಡಿಸುವ ಒಂದೇ ಇರುಸು. ಭಾರ ಅದರ ಎರಡೂ ಕಡೆ ಸಮ ತೂಗಬೇಕು. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲು ಅರೆಯುತ್ತದೆ. ಈ ಲೆಕ್ಕವನ್ನೇ ಅವರು ಚಾಸಿಗೂ ಹಾಕಿದರು. ಹಿಂದಿನ ಜೋಡಿ ಚಕ್ರವೇ ಇರುಸು. ಮುಂದೆ ಎಂಜಿನ್ನು ಭಾರ, ಮಂಚವೂ ಭಾರ. ಹಾಗಾಗಿ ಹಿಂದೆ ಅಷ್ಟೇ ತೂಕ ಬೇಕು. ಮನೆಯನ್ನು ಹಿಂದಿನ ಚಕ್ರದಿಂದ ಆಚೆಗೆ ಮೂರು ಮೊಳ ಚಾಚಿದರು. ಅದರ ತುದಿಗೆ ನೀರಿನ ಪೀಪಾಯಿ, ಪ್ಲೇಟಿನ ಪೆಟ್ಟಿಗೆ, ಒರಳು ಕಲ್ಲು. ಮುಗಿದ ದಿನ ಅದರ ಮುಂಭಾಗ ಸ್ವಲ್ಪ ತಲೆ ಎತ್ತಿ ನಿಂತಿತ್ತು. ಹೊರಡಲು ತವಕಪಡುವ ಹೋರಿಯಂತಿದೆ ಎಂದು ನಾನೇ ಹೊಗಳಿದೆ. ನೋಡಿದವರೆಲ್ಲ ತಲೆದೂಗಿದರು.

ಮೊದಲ ಸಲ ದೇವನಹಳ್ಳಿಯ ಕಡೆ ಹೊರಟೆವು. ಭಾವನವರು ನನ್ನ ಪಕ್ಕ, ಹೆಂಡತಿ ಒಳಗೆ. ಸ್ಟಿಯರಿಂಗು ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಒಂದು ಗುಂಡಿ ಹಾರಿದರೆ ಹಿಂಭಾಗ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಮತ್ತೆ ಎಡಕ್ಕೆ. ಒಳಗೆ ನೀರು ಧಡ್ ಧಡ್ ಎಂದು ಪೀಪಾಯಿಗೆ ಬಡಿಯುತ್ತಿತ್ತು. ಕೆರೆಯ ಏರಿಯ ಮೇಲೆ ತಿರುವು ಬಂದಾಗ ನಾನು ತಿರುಗಿಸಿದೆ, ಗಾಡಿ ತಿರುಗಲಿಲ್ಲ. ನೇರ ನೀರಿನ ಕಡೆ ಹೋಯಿತು. ಬ್ರೇಕು ಒತ್ತಿದ ಮೇಲೆ ಮೂತಿ ನೆಲಕ್ಕೆ ಕೂತು ಚಕ್ರ ಕಚ್ಚಿಕೊಂಡಿತು. ಏರಿಯ ಅಂಚಿನಲ್ಲಿ ನಿಂತೆವು. ಒಳಗೆ ಗಾಜು ಒಡೆದ ಸದ್ದು.

ಹೆಂಡತಿ ಇಳಿದಳು. ಅಂಗೈ ಕೊಯ್ದಿತ್ತು. ರಸ್ತೆಯ ಪಕ್ಕ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ದೇವನಹಳ್ಳಿಯ ಕಡೆ ನಡೆಯತೊಡಗಿದಳು. ಭಾವನವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಳಿಗೆ ಗುಡಿಸಿ ಇಟ್ಟಿದೀನಿ ಕಣಪ್ಪಾ," ಎಂದರು. "ಸಾಕು, ಬಂದು ಕೂತ್ಕೊ."

ಮುಂದೆ ಹೋಗಿದ್ದವಳು ನಿಂತು ತಿರುಗಿದಳು. "ಯುಗಾದಿಗೆ ಇನ್ನೂ ಇಪ್ಪತ್ತು ದಿನ ಇದೆಯಣ್ಣ. ಇನ್ನೊಂದ್ಸಲ ಹತ್ತುತೀನಿ. ಅದೇ ಕೊನೆ."

ಅವಳು ಅಣ್ಣನ ಜೊತೆ ದೇವನಹಳ್ಳಿಗೆ ಹೋದಳು. ನಾನು ಗಾಡಿಯನ್ನು ನಡೆಯುವವರ ವೇಗದಲ್ಲಿ ಆಚಾರಿಯ ಕೊಟ್ಟಿಗೆಗೆ ವಾಪಸು ತಂದೆ. ಆ ರಾತ್ರಿಯೇನು, ಮುಂದಿನ ನಾಲ್ಕು ದಿನವೂ ನನಗೆ ನಿಂತ ಕಡೆ ನಿಲ್ಲಲಾಗಲಿಲ್ಲ. ಸಾಹೇಬರಿಗೆ ಕಾಗದ ಹಾಕಿದ್ದೆ, ಆದರೆ ಅವರು ಬರುವ ತನಕ ಕಾಯುವ ಜಾಯಮಾನ ನನ್ನದಲ್ಲ. ಪಟ್ಟಿಗಳು ಬಿಗಿಯಾದದ್ದಕ್ಕೇ ಹೀಗೆ ಕುಣಿಯುತ್ತದೆ ಎಂದು ನಾನೇ ತೀರ್ಮಾನಿಸಿ, ಕಮ್ಮಾರನ ಹತ್ತಿರ ಹಿಂದಿನ ಕಮಾನಿನಿಂದ ಎರಡೆರಡು ಪಟ್ಟಿ ಬಿಚ್ಚಿಸಿದೆ. ಓಡಿಸಿ ನೋಡಿದರೆ ಹಿಂಭಾಗ ಇನ್ನೂ ಕುಸಿದು, ತೇಲುವ ಹರಿಗೋಲಿನಂತೆ ಓಲಾಡಿತು. ಒಬ್ಬನೇ ಕೂತು ನಕ್ಕೆ. ಅಳು ಬರುವಂತಿತ್ತು.

ಸಾಹೇಬರು ಐದನೆಯ ದಿನ ಬಂದರು. ಬಿಚ್ಚಿದ ಪಟ್ಟಿಗಳನ್ನು ನೋಡಿ, ನನ್ನನ್ನು ನೋಡಿ, ಮೊದಲು ಅವನ್ನು ವಾಪಸು ಹಾಕಿಸಿದರು. ಅಷ್ಟರಲ್ಲಿ ಹೆಂಡತಿಯೂ ದೇವನಹಳ್ಳಿಯಿಂದ ಬಂದಿದ್ದಳು, ಒಡೆದ ಪ್ಲೇಟುಗಳಲ್ಲಿ ಉಳಿದವನ್ನು ಆರಿಸಲು. ಸಾಹೇಬರು ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಒಂದು ಕಡ್ಡಿ ಹಿಡಿದು ಅಳೆದು, ಅಷ್ಟಕ್ಕೇ ಮುರಿದುಕೊಂಡರು. ಆಮೇಲೆ ಅವಳಿಗೆ, ಹಿಂದಿನ ಪೀಪಾಯಿಯ ನಲ್ಲಿ ಬಿಡು ತಾಯಿ ಎಂದರು. ನೀರು ಹರಿಯಿತು. ಒರಳು, ಪೆಟ್ಟಿಗೆ ಇಳಿಸಿದೆವು. ಮತ್ತೆ ಕಡ್ಡಿ ಹಿಡಿದರೆ ಅದು ಒಳಗೆ ಹೋಗಲಿಲ್ಲ. ಗಾಡಿಯ ಮೂತಿ ಒಂದು ಬೆರಳಿನಷ್ಟು ಇಳಿದಿತ್ತು. ಹಿಂದಿನ ಭಾರ ಇಷ್ಟು ದಿನ ಮುಂದಿನದನ್ನು ನೆಲದಿಂದ ಎತ್ತಿ ಹಿಡಿದಿತ್ತು.

ಆಚಾರಿಯ ಮುಖ ಸಣ್ಣದಾಯಿತು. "ಮುಂದೆ ಭಾರ ಆದ್ರೆ ಹೆಗಲು ಹುಣ್ಣಾಗುತ್ತೆ ಅಂತ ಅಲ್ವಾ ಸಾಹೇಬ್ರೇ ಹಿಂದಕ್ಕೆ ಹಾಕಿದ್ದು? ನಲವತ್ತು ವರ್ಷದಿಂದ ಹಂಗೇ ಮಾಡಿರೋದು."

"ಎತ್ತಿಗೆ ನೀವು ಮಾಡಿದ್ದು ಸರಿ ಆಚಾರ್ರೇ," ಎಂದರು ಸಾಹೇಬರು. "ಇಲ್ಲಿ ಎತ್ತಿಲ್ಲ. ಹಿಂದಿನ ಚಕ್ರ ತಳ್ಳುತ್ತೆ, ಮುಂದಿನ ಚಕ್ರ ದಾರಿ ತೋರ್ಸುತ್ತೆ. ದಾರಿ ತೋರ್ಸೋನ ಕಾಲು ನೆಲದ ಮೇಲೆ ಇರ್ಬೇಕಲ್ಲ."

ಆಚಾರಿ ಕುಕ್ಕರಗಾಲಲ್ಲಿ ಕೂತು ಚಾಸಿಯ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಎದ್ದು ಗರಗಸ ತಂದರು. ತಾವೇ ಚಾಚಿದ್ದ ಮೂರು ಮೊಳದಲ್ಲಿ ಎರಡು ಮೊಳವನ್ನು ತಾವೇ ಕೊಯ್ದರು. ಯಾರೂ ನೆರವಿಗೆ ಹೋಗಲಿಲ್ಲ, ಹೋಗಬಾರದೆಂದು ಗೊತ್ತಾಗುತ್ತಿತ್ತು. ಮುಂದಿನ ದಿನಗಳಲ್ಲಿ ಭಾರವೆಲ್ಲ ಕೆಳಕ್ಕೆ ಮತ್ತು ಮುಂದಕ್ಕೆ ಬಂತು. ನೆಲಹಲಗೆಯ ಅಡಿಯಲ್ಲಿ, ಎರಡು ಜೋಡಿ ಚಕ್ರಗಳ ನಡುವೆ ಪೆಟ್ಟಿಗೆಗಳನ್ನು ತೂಗುಹಾಕಿದರು. ತಗಡಿನ ಮೇಲೆ ಟ್ರಂಕು ಇಡಲು ಮಾಡಿದ್ದ ಕಟಕಟೆ ಕಿತ್ತರು. ಪೀಪಾಯಿಯೂ ನೆಲಹಲಗೆಯ ಅಡಿಗೇ ಬಂತು, ಆದರೆ ನೀರು ಅಲುಗುವುದು ಬಿಡಲಿಲ್ಲ. ಅದಕ್ಕೆ ಉಪಾಯ ಹೇಳಿದವಳು ನನ್ನ ಹೆಂಡತಿ. ದೂರದಿಂದ ನೀರು ಹೊರುವಾಗ ಬಿಂದಿಗೆಯೊಳಗೆ ನಾಲ್ಕು ಎಲೆ ಹಾಕುತ್ತೇವೆ, ತುಳುಕುವುದಿಲ್ಲ, ಇದಕ್ಕೂ ಏನಾದರೂ ಅಡ್ಡ ಹಾಕಿ ಎಂದಳು. ಆಚಾರಿ ತೂತು ಕೊರೆದ ಎರಡು ಹಲಗೆಯನ್ನು ಪೀಪಾಯಿಯೊಳಗೆ ಅಡ್ಡ ನಿಲ್ಲಿಸಿದರು. ಧಡ್ ಧಡ್ ನಿಂತಿತು. ನಿಂತಿತೆಂದರೆ ಪೂರ್ತಿ ಅಲ್ಲ, ಪೀಪಾಯಿಯ ಹೊಟ್ಟೆಯೊಳಗೆ ಗುಳುಗುಳು ಎನ್ನುವಷ್ಟು ಉಳಿಯಿತು.

ಯುಗಾದಿಗೆ ನಾಲ್ಕು ದಿನ ಇರುವಾಗ ಅವಳು ಎರಡನೆಯ ಸಲ ಹತ್ತಿದಳು. ಈ ಸಲ ತೂಬಗೆರೆಯ ದಾರಿ. ತನ್ನ ಟ್ರಂಕನ್ನು ಹಗ್ಗ ಬಿಗಿದೇ ಒಳಗಿಟ್ಟಿದ್ದಳು, ಇಳಿಸುವುದಾದರೆ ಸುಲಭವಾಗಲಿ ಎಂದು. ಮೊದಲ ತಿರುವು ಬಂತು. ಸ್ಟಿಯರಿಂಗಿನಲ್ಲಿ ಒಂದು ತೂಕ, ಕೈಗೆ ಕೈ ಕೊಟ್ಟವರ ಬಿಗಿ. ತಿರುಗಿಸಿದಷ್ಟು ತಿರುಗಿತು. ಗುಂಡಿ ಹಾರಿತು, ಹಿಂಭಾಗ ಒಮ್ಮೆ ಅಲ್ಲಾಡಿ ಸುಮ್ಮನಾಯಿತು. ನಾನು ಹಿಂದಕ್ಕೆ ತಿರುಗಿ ತಿರುಗಿ, ಮನೆಯೊಳಗೆ ಕಾಣುವ ಕಿಂಡಿಯಲ್ಲಿ ಅವಳನ್ನು ನೋಡುತ್ತಿದ್ದೆ.

"ಏನ್ರೀ, ನನ್ನ ಮುಖದಲ್ಲೇನಿದೆ? ರಸ್ತೆ ನೋಡ್ಕೊಂಡು ಓಡ್ಸಿ," ಎಂದಳು.

ತೂಬಗೆರೆಯ ಆಚೆ ಹೊಂಗೆ ಮರಗಳ ನೆರಳಿನಲ್ಲಿ ನಿಲ್ಲಿಸಿದೆ. ನಾನು ಇಳಿದು ಟೈರು ಒದ್ದು, ಪಟ್ಟಿ ಮುಟ್ಟಿ, ಏನಾದರೂ ಮಾಡುತ್ತಲೇ ಇದ್ದೆ, ಒಳಗೆ ಹೋಗಿ ಕೇಳಲು ಧೈರ್ಯವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಹಗ್ಗ ಬಿಚ್ಚಿ ನೆಲಕ್ಕೆ ಎಸೆದ ಸದ್ದು ಕೇಳಿತು. ಇಣುಕಿದೆ. ಅವಳು ಸೀರೆಗಳನ್ನು ಮಡಿಚಿ ಮಡಿಚಿ ಮಂಚದ ಮೇಲಿನ ಹಲಗೆಯಲ್ಲಿ ಜೋಡಿಸುತ್ತಿದ್ದಳು.

ಯುಗಾದಿಯ ಮಾರನೆಯ ದಿನ ಭಾವನವರು ಬಸ್ಸು ಹಿಡಿದು, ಉಳಿದ ದಾರಿ ನಡೆದು, ನಾವಿದ್ದ ಕಡೆಗೆ ಬಂದರು. ಮೆಟ್ಟಿಲು ಹತ್ತಿ ಮಂಚದ ಮೇಲೆ ಕೂತು, ತಂಗಿ ಬಡಿಸಿದ ಹೋಳಿಗೆ ತಿಂದರು. ಕೈ ತೊಳೆದುಕೊಳ್ಳುವಾಗ, ಮಳಿಗೆಯನ್ನು ಒಬ್ಬ ದರ್ಜಿ ಬಾಡಿಗೆಗೆ ಕೇಳುತ್ತಿದ್ದಾನೆ ಎಂದರು. ಕೊಡಿ ಅಣ್ಣ ಎಂದಳು ಅವಳು. ಆ ವಾರವೇ ಕೊಟ್ಟರು.